ಚವದಾರ ಕೆರೆಯ ವಕೀಲರು

ಡಿಸೆಂಬರ್ 6ನೆಯ ತಾರೀಖು ಬಂತೆಂದರೆ ನಮ್ಮ ಅಂಬರನಾಥ ಸ್ಟೇಶನ್ನಿನಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ಬಿಳಿ ಸೀರೆಯುಟ್ಟ ತಾಯಂದಿರು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡ ತಂದೆಯರು, ಕೋಲೂರಿದ ಮುದುಕರು ದಾದರದ ಚೈತ್ಯಭೂಮಿಗೆ ಹೊರಟಿರುತ್ತಾರೆ. ಅದೇ ಪ್ಲಾಟ್‌ಫಾರ್ಮಿನಲ್ಲಿ ಪಾಳಿಗೆ ಹೊರಟ ನಮ್ಮ ಹೋಟೇಲು ಬಾಂಧವರೂ ಇರುತ್ತಾರೆ. “ಇವತ್ತು ಅವರ ಕಾರ್ಯಕ್ರಮ ಮಾರಾಯ್ರೆ, ಗಾಡಿಯಲ್ಲಿ ಗರ್ದಿ” ಎಂದು ನಮ್ಮವರೊಬ್ಬರು ಇನ್ನೊಬ್ಬರಿಗೆ ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದೆ. ‘ಅವರ’ ಎಂಬ ಆ ಒಂದು ಮಾತೇ ಈ ಲೇಖನಕ್ಕೆ ಕಾರಣ.

ಡಾ. ಅಂಬೇಡಕರರು ಸಂವಿಧಾನದ ಶಿಲ್ಪಿ ಎಂಬುದನ್ನು ಶಾಲೆಗೆ ಹೋಗುವ ಹುಡುಗನೂ ಹೇಳಬಲ್ಲ. ಅವರ ಪ್ರತಿಮೆಗೆ ಹಾರ ಹಾಕುವುದನ್ನೂ ನಾವು ಕಲಿತಿದ್ದೇವೆ. ಆದರೆ ಒಂದು ಕೆರೆಯ ನೀರಿನ ಸಲುವಾಗಿ ಒಂಬತ್ತು ವರ್ಷಕ್ಕೂ ಮಿಕ್ಕಿ ಮೂರು ಕೋರ್ಟುಗಳಲ್ಲಿ ತಾರೀಖಿನ ಮೇಲೆ ತಾರೀಖು ಕಂಡ ಅಂಬೇಡಕರರನ್ನು ನಮ್ಮಲ್ಲಿ ಎಷ್ಟು ಜನ ಬಲ್ಲರು? ಆ ಮೂರು ಕೋರ್ಟುಗಳಲ್ಲಿ ಒಂದು ನಮ್ಮ ಠಾಣೆಯದೇ. ಸಂವಿಧಾನಕರ್ತನಿಗೆ ಸಲ್ಲುವ ಗೌರವದಲ್ಲಿ ಒಂದು ಪಾಲು ಈ ವಕೀಲನಿಗೂ ಸಲ್ಲಬೇಕೆಂಬುದು ನನ್ನ ವಾದ. ಅದನ್ನು ಸಲ್ಲಿಸುವ ಹೊಣೆ ಕೂಲಿಯಿಂದ ಬದುಕುವ ನಮ್ಮಂಥವರ ಮೇಲೆ ಇತರರಿಗಿಂತ ಹೆಚ್ಚಾಗಿದೆ.

ಗೋವಾ ರಸ್ತೆಯಿಂದ ಊರಿಗೆ ಹೋದವರಿಗೆ ಮಹಾಡ ಎಂಬ ಹೆಸರು ಹೊಸದಲ್ಲ. ಪನವೇಲ ಬಿಟ್ಟು, ಕೊಂಕಣದ ಬೆಟ್ಟಗಳ ನಡುವೆ ಸಾಗುವ ಬಸ್ಸು ಆ ಊರಿನ ಮಗ್ಗುಲಲ್ಲೇ ಹಾದುಹೋಗುತ್ತದೆ. ನಿದ್ದೆಗಣ್ಣಿನಲ್ಲಿ ನಾವು ದಾಟಿಹೋಗುವ ಆ ಊರಿನೊಳಗೆ ನಾಲ್ಕೈದು ಎಕರೆ ವಿಸ್ತಾರದ ಒಂದು ಕೆರೆಯಿದೆ. ಅದೇ ಚವದಾರ ಕೆರೆ. ಸುತ್ತಲೂ ಪುರಸಭೆಯ ರಸ್ತೆ, ರಸ್ತೆಯಾಚೆ ಮೇಲುಜಾತಿಯವರ ಮನೆಗಳು, ಹತ್ತಿರದಲ್ಲಿ ಕೆಲವು ಮುಸಲ್ಮಾನರ ಮನೆಗಳು. ಎಲ್ಲರೂ ಆ ನೀರನ್ನು ಬಳಸುತ್ತಿದ್ದರು. ದನಕರುಗಳಿಗೂ ಅಡ್ಡಿಯಿರಲಿಲ್ಲ. ಅಸ್ಪೃಶ್ಯರೆನಿಸಿಕೊಂಡ ಮನುಷ್ಯರಿಗೆ ಮಾತ್ರ ಇತ್ತು.

1923ರ ಆಗಸ್ಟಿನಲ್ಲಿ ಮುಂಬಯಿ ಶಾಸನಸಭೆಯಲ್ಲಿ ಎಸ್. ಕೆ. ಬೋಲೆಯವರು ಒಂದು ಠರಾವು ಮಂಡಿಸಿದ್ದರು. ಸಾರ್ವಜನಿಕ ಹಣದಿಂದ ಕಟ್ಟಿಸಿ ಕಾಪಾಡುತ್ತಿರುವ ನೀರಿನ ತಾಣ, ಬಾವಿ, ಧರ್ಮಶಾಲೆಗಳನ್ನು ಅಸ್ಪೃಶ್ಯರಿಗೂ ತೆರೆದಿಡಬೇಕೆಂಬುದು ಅದರ ಸಾರಾಂಶ. ಠರಾವು ಪಾಸಾಯಿತು. ಮಹಾಡ ಪುರಸಭೆಯೂ 1924ರಲ್ಲಿ ತನ್ನ ಕೆರೆ ಎಲ್ಲರಿಗೂ ತೆರೆದಿದೆಯೆಂದು ಬರೆದುಕೊಂಡಿತು. ಆದರೆ ಬರೆದದ್ದು ಪುಸ್ತಕದಲ್ಲಿ ಉಳಿಯಿತು, ನೀರು ಕೆರೆಯಲ್ಲಿ ಉಳಿಯಿತು. 1927ರ ಮಾರ್ಚ್ 20ರಂದು ಅಂಬೇಡಕರರು ಸಾವಿರಾರು ಜನರೊಡನೆ ನಡೆದುಹೋಗಿ ಆ ನೀರನ್ನು ಬೊಗಸೆಯಲ್ಲೆತ್ತಿ ಕುಡಿದರು. ಅಂದೇ ಅವರ ಜನರ ಮೇಲೆ ದೊಣ್ಣೆಯ ಪೆಟ್ಟುಗಳು ಬಿದ್ದವು. ಆಮೇಲೆ 108 ಮಡಕೆ ಗೋಮಯ, ಗೋಮೂತ್ರ, ಹಾಲು, ಮೊಸರುಗಳಿಂದ ಕೆರೆಯನ್ನು ‘ಶುದ್ಧಿ’ ಮಾಡಿದ್ದಾಯಿತು. ಪುರಸಭೆ ತನ್ನ ಹಳೆಯ ಠರಾವನ್ನು ಆಗಸ್ಟಿನಲ್ಲಿ ಹಿಂತೆಗೆದುಕೊಂಡಿತು.

ಇಲ್ಲಿಯವರೆಗಿನ ಕಥೆಯನ್ನು ಭಾಷಣಗಳಲ್ಲಿ ಕೇಳಿದ್ದೇವೆ. ಭಾಷಣಕಾರರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ನನಗೆ ಮುಖ್ಯವೆನಿಸುವುದು ಇಲ್ಲಿಂದ ಮುಂದಿನ ಕಥೆ.

ಡಿಸೆಂಬರಿನಲ್ಲಿ ಮತ್ತೊಮ್ಮೆ ಸತ್ಯಾಗ್ರಹ ನಡೆಸುವುದೆಂದು ಗೊತ್ತಾಯಿತು. ಮೇಲುಜಾತಿಯ ಕೆಲವರು ಮಹಾಡದ ಕೋರ್ಟಿಗೆ ಹೋಗಿ ಅಂಬೇಡಕರರ ಮೇಲೆಯೂ ಅವರ ಸಂಗಡಿಗರ ಮೇಲೆಯೂ ದಾವೆ ಹೂಡಿದರು. ಕೆರೆ ತಮ್ಮ ಖಾಸಗಿ ಸೊತ್ತು, ಅನಾದಿಯಿಂದ ಅಸ್ಪೃಶ್ಯರು ಅದನ್ನು ಮುಟ್ಟಿಲ್ಲ, ಆ ರೂಢಿಯೇ ತಮ್ಮ ಹಕ್ಕು ಎಂಬುದು ಅವರ ವಾದ. ಡಿಸೆಂಬರ್ 14ರಂದು ಕೋರ್ಟು ತಾತ್ಕಾಲಿಕ ತಡೆಯಾಜ್ಞೆ ಕೊಟ್ಟಿತು. 25ರಂದು ಪರಿಷತ್ತು ಸೇರಿತು. ದೂರದ ಹಳ್ಳಿಗಳಿಂದ ಬುತ್ತಿ ಕಟ್ಟಿಕೊಂಡು ಬಂದ ಸಾವಿರಾರು ಜನ, ಜೈಲಿಗೆ ಹೋಗಲೂ ಸಿದ್ಧರಾದವರು, ಎದುರಿಗೆ ಕುಳಿತಿದ್ದರು. ಮನುಸ್ಮೃತಿಯ ದಹನ ನಡೆದದ್ದು ಆ ರಾತ್ರಿಯೇ. ಕೆರೆ ಕೂಗಳತೆಯಲ್ಲಿತ್ತು. ಮುಂದಾಳು ಒಂದು ಮಾತು ಹೇಳಿದ್ದರೆ ಆ ಜನಪ್ರವಾಹವನ್ನು ತಡೆಯುವುದು ಯಾರಿಂದಲೂ ಸಾಧ್ಯವಿರಲಿಲ್ಲ.

ಅವರು ಆ ಮಾತನ್ನು ಹೇಳಲಿಲ್ಲ. ಸತ್ಯಾಗ್ರಹವನ್ನು ಮುಂದೂಡಿದರು. ಊರೊಳಗೆ ಮೆರವಣಿಗೆ ನಡೆಯಿತು, ನೀರನ್ನು ಯಾರೂ ಮುಟ್ಟಲಿಲ್ಲ. ಅಂಬೇಡಕರರು ಹೆದರಿದರೆಂದು ಆಗ ಕೆಲವರು ಆಡಿಕೊಂಡಿರಲೂಬಹುದು. ನನ್ನ ದೃಷ್ಟಿಯಲ್ಲಿ ಅಂದು ಅವರೊಳಗಿನ ವಕೀಲ ಒಂದು ಕಠಿಣ ತೀರ್ಮಾನ ಮಾಡಿದ. ನೀರನ್ನು ಒಂದು ದಿನ ಕುಡಿದು ತೋರಿಸಿದ್ದಾಗಿತ್ತು. ಇನ್ನು ಕುಡಿಯುವ ಹಕ್ಕನ್ನು ಕಾಗದದ ಮೇಲೆ ಸ್ಥಾಪಿಸಬೇಕಾಗಿತ್ತು. ತಡೆಯಾಜ್ಞೆ ಮೀರಿದರೆ ಜಗಳ ಸರ್ಕಾರದ ಕಡೆಗೆ ತಿರುಗಿ ಎದುರಾಳಿಗಳು ನೆರಳಿನಲ್ಲಿ ಕುಳಿತಿರುತ್ತಿದ್ದರು. ಕೋರ್ಟಿಗೆ ಹೋದರೆ ಆ ಎದುರಾಳಿಗಳೇ ತಮ್ಮ ‘ಅನಾದಿ ಹಕ್ಕ’ನ್ನು ಸಾಕ್ಷಿ ಹಾಕಿ ರುಜುವಾತು ಮಾಡಿಕೊಡಬೇಕಾಗುತ್ತಿತ್ತು.

ಈ ದಾರಿ ಹಿಡಿದವರ ಸ್ವಂತ ಪರಿಸ್ಥಿತಿಯನ್ನೂ ನೆನೆಯಬೇಕು. ಲಂಡನ್ನಿನ ಗ್ರೇಸ್ ಇನ್‌ನಲ್ಲಿ 1922ರಲ್ಲಿ ಬ್ಯಾರಿಸ್ಟರ್ ಆದವರು ಮುಂಬಯಿ ಹೈಕೋರ್ಟಿನ ಸನದಿನ ಶುಲ್ಕಕ್ಕೆ ಗೆಳೆಯ ನವಲ್ ಭಥೇನಾರಿಂದ ಸಾಲ ಪಡೆಯಬೇಕಾಯಿತು. 1923ರಲ್ಲಿ ವಕೀಲಿ ಶುರು ಮಾಡಿದಾಗ ದೊಡ್ಡ ಸಾಲಿಸಿಟರುಗಳು ಅಸ್ಪೃಶ್ಯ ಬ್ಯಾರಿಸ್ಟರನಿಗೆ ಮೊಕದ್ದಮೆ ಕೊಡಲೊಲ್ಲರು. ಹೊಟ್ಟೆಪಾಡಿಗಾಗಿ ವ್ಯಾಪಾರಿ ಕಾಯ್ದೆಯ ಪಾಠ ಹೇಳಿದರು. ವಾಸ ಪರಳದ ಬಿ.ಐ.ಟಿ. ಚಾಳಿನಲ್ಲಿ, ಕಚೇರಿ ಅಲ್ಲೇ ದಾಮೋದರ ಹಾಲಿನಲ್ಲಿ. ಪರಳದ ಗಿರಣಿಗಳಲ್ಲಿ ದುಡಿದ ನಮ್ಮ ಹಿರಿಯರು ನಿತ್ಯ ತುಳಿದ ರಸ್ತೆಗಳೇ ಅವು. ಗಿರಣಿಗಳ ಭೋಂಗಾ ಈಗ ನಿಂತುಹೋಗಿದೆ. ಆದರೆ ಆ ಗಿರಣಿಗಳ ಒಳಗೂ ಒಂದು ಚವದಾರ ಕೆರೆ ಇತ್ತೆಂಬುದನ್ನು ನೇಯ್ಗೆ ಖಾತೆಯ ಹಳಬರು ಬಲ್ಲರು. ಲಾಳಿಯಲ್ಲಿ ನೂಲಿನ ಎಳೆಯನ್ನು ಬಾಯಿಂದ ಹೀರಿ ಎಳೆಯಬೇಕಾಗಿದ್ದುದರಿಂದ, ಎಂಜಲಿನ ನೆವ ಹೇಳಿ, ಹೆಚ್ಚು ಪಗಾರದ ನೇಯ್ಗೆ ಖಾತೆಗೆ ಅಸ್ಪೃಶ್ಯರನ್ನು ಸೇರಿಸುತ್ತಿರಲಿಲ್ಲ. ಇದನ್ನು ಮಾಲೀಕರು ಮಾತ್ರವಲ್ಲ, ಕೆಂಪು ಬಾವುಟ ಹಿಡಿದ ಕಾರ್ಮಿಕರೂ ಒಪ್ಪಿಕೊಂಡೇ ಬಂದಿದ್ದರು. 1928ರ ದೊಡ್ಡ ಮುಷ್ಕರದ ಕಾಲದಲ್ಲಿ ಅಂಬೇಡಕರರು ಈ ಪ್ರಶ್ನೆಯನ್ನು ಎತ್ತಿದಾಗ ಒಗ್ಗಟ್ಟು ಒಡೆಯುವವರೆಂಬ ಬೈಗಳೂ ಅವರ ಪಾಲಿಗೆ ಬಂತು. ಆ ಒಗ್ಗಟ್ಟು ಎಂಥದೆಂದು ನಾವು ನಮ್ಮನ್ನೇ ಕೇಳಿಕೊಳ್ಳಬೇಕು.

ದಾವೆಯ ವಿಷಯಕ್ಕೆ ಮರಳೋಣ. 1928ರ ಫೆಬ್ರವರಿ 23ರಂದು ತಡೆಯಾಜ್ಞೆ ರದ್ದಾಯಿತು. ಆದರೆ ಮೂಲ ದಾವೆ ನಡೆಯುತ್ತಲೇ ಇತ್ತು. ಸಾಕ್ಷಿಗಳು, ಪುರಸಭೆಯ ದಫ್ತರಗಳು, ಸರ್ವೆಯ ಕಾಗದಗಳು, ವಾಯಿದೆಯ ಮೇಲೆ ವಾಯಿದೆ. 1931ರ ಜೂನ್ 8ರಂದು ಮಹಾಡದ ನ್ಯಾಯಾಧೀಶರು ದಾವೆಯನ್ನು ವಜಾ ಮಾಡಿದರು. ವಾದಿಗಳು ಠಾಣೆಯ ಜಿಲ್ಲಾ ಕೋರ್ಟಿಗೆ ಅಪೀಲು ಹೋದರು. ಕುಲಾಬಾ ಜಿಲ್ಲೆಯ ದಾವೆಗಳ ಅಪೀಲು ಆಗ ಠಾಣೆಯಲ್ಲೇ ನಡೆಯುತ್ತಿತ್ತು. 1933ರ ಜನವರಿ 30ರಂದು ಅಲ್ಲಿಯೂ ಅವರು ಸೋತರು. ಹಣವಿದ್ದವರಿಗೆ ಇನ್ನೊಂದು ಮೆಟ್ಟಿಲು ಯಾವಾಗಲೂ ಇರುತ್ತದೆ. ಅವರು ಮುಂಬಯಿ ಹೈಕೋರ್ಟನ್ನೂ ಹತ್ತಿದರು. ನ್ಯಾಯಮೂರ್ತಿ ಬ್ರೂಮ್‌ಫೀಲ್ಡ್ ಮತ್ತು ನ್ಯಾಯಮೂರ್ತಿ ವಾಡಿಯಾ ಅವರ ಪೀಠ 1937ರ ಮಾರ್ಚ್ 17ರಂದು ಕೊನೆಯ ತೀರ್ಪು ಕೊಟ್ಟಿತು. ಗೆಲುವು ಅಂಬೇಡಕರರದಾಯಿತು.

ಈ ತೀರ್ಪಿನ ಒಳಗನ್ನು ಸ್ವಲ್ಪ ನೋಡಬೇಕು, ಏಕೆಂದರೆ ನಮ್ಮವರು ಅದರ ಬಗ್ಗೆ ತಪ್ಪಾಗಿ ಹೇಳುವುದುಂಟು. ಅಸ್ಪೃಶ್ಯತೆ ಪಾಪ, ಅದು ಅನ್ಯಾಯ ಎಂದು ಹೈಕೋರ್ಟು ಹೇಳಲಿಲ್ಲ. ಅದು ಹೇಳಿದ್ದು ಇಷ್ಟೇ: ರೂಢಿಯಿಂದ ಹಕ್ಕು ಹುಟ್ಟಬೇಕಾದರೆ ಆ ರೂಢಿ ಅನಾದಿ ಕಾಲದ್ದೆಂದು ವಾದಿಗಳು ಸ್ಥಾಪಿಸಬೇಕು. ಅದನ್ನು ಅವರು ಸ್ಥಾಪಿಸಿಲ್ಲ. ಕೆರೆ ಪುರಸಭೆಯ ಕೈಗೆ ಬರುವ ಮೊದಲು ಅಸ್ಪೃಶ್ಯರು ಅಲ್ಲಿ ನೀರೆತ್ತಲು ಬಂದು, ಅವರನ್ನು ತಡೆದು, ಹೀಗೆ ಹಕ್ಕಿನ ಪ್ರಶ್ನೆಯೇ ಎದ್ದಿತ್ತೆಂದು ನಂಬಲು ಆಧಾರವಿಲ್ಲ. ಸುತ್ತ ಇದ್ದುದೆಲ್ಲ ಮೇಲುಜಾತಿಯ ಮನೆಗಳೇ ಆಗಿರಲು, ತಡೆಯುವ ಪ್ರಸಂಗವೇ ಬಂದಿರಲಾರದು. ಬಾರದವನನ್ನು ತಡೆದೆನೆಂಬುದು ರೂಢಿಯಾಗುವುದು ಹೇಗೆ? ರೂಢಿ ಸಿದ್ಧವಾಗದೆ ಇದ್ದುದರಿಂದ ಅದು ನ್ಯಾಯವೋ ಅನ್ಯಾಯವೋ ಎಂಬುದನ್ನು ತೀರ್ಮಾನಿಸುವ ಅಗತ್ಯವೇ ಇಲ್ಲವೆಂದು ನ್ಯಾಯಮೂರ್ತಿಗಳು ಆ ಬಾಗಿಲನ್ನು ಮುಚ್ಚಿದರು.

ಗೆದ್ದವರಿಗೆ ಇದು ಸಿಹಿಯೂ ಹೌದು, ಕಹಿಯೂ ಹೌದು. ನೀರು ಸಿಕ್ಕಿತು. ಆದರೆ ನಾಳೆ ಇನ್ನೊಂದು ಊರಿನವರು ತಮ್ಮ ರೂಢಿ ನಿಜಕ್ಕೂ ಅನಾದಿಯೆಂದು ರುಜುವಾತು ಮಾಡಿಬಿಟ್ಟರೆ? ಊರಿಗೊಂದು ಕೆರೆ, ಕೆರೆಗೊಂದು ದಾವೆ, ದಾವೆಗೆ ಒಂಬತ್ತು ವರ್ಷ ಎಂದಾದರೆ ಹಿಂದುಸ್ತಾನದ ಬಾವಿಗಳನ್ನೆಲ್ಲ ತೆರೆಯಲು ಎಷ್ಟು ಯುಗ ಬೇಕಾಗುತ್ತಿತ್ತು? ಈ ಪ್ರಶ್ನೆಗೆ ಉತ್ತರ ಇನ್ನು ಕೋರ್ಟಿನಲ್ಲಿ ಸಿಗುವಂತಿರಲಿಲ್ಲ. ಕೋರ್ಟೇ ತಲೆಬಾಗಬೇಕಾದ ಕಾಯ್ದೆಯಲ್ಲಿ ಬರೆಯಬೇಕಾಗಿತ್ತು.

ನಮ್ಮ ಸಂವಿಧಾನದ 15ನೆಯ ಅನುಚ್ಛೇದದ ಎರಡನೆಯ ಕಲಮನ್ನು ಯಾರಾದರೂ ಓದಿಸಿ ಕೇಳಿರಿ. ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೇಲು ಎಂದು ಮೊದಲು ಬರುತ್ತದೆ. ಅದರ ಬೆನ್ನಿಗೇ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಎಂದು ಬರುತ್ತದೆ. ಪೂರ್ತಿಯಾಗಿಯಾಗಲಿ ಭಾಗಶಃವಾಗಲಿ ಸರ್ಕಾರದ ಹಣದಿಂದ ಕಾಪಾಡುವಂಥವು ಎಂಬ ಮಾತೂ ಅಲ್ಲಿದೆ. ಬೋಲೆಯವರ 1923ರ ಠರಾವಿನ ದನಿ, ಮಹಾಡದ ದಾವೆಯ ದನಿ ಆ ಸಾಲುಗಳಲ್ಲಿ ನನಗೆ ಕೇಳಿಸುತ್ತದೆ. ಕರಡು ಸಮಿತಿಯ ಅಧ್ಯಕ್ಷರು ಆ ಕೆರೆಯ ದಾವೆಯ ಪ್ರತಿವಾದಿಯೇ ಆಗಿದ್ದರೆಂಬುದನ್ನು ಮರೆಯಬಾರದು. 17ನೆಯ ಅನುಚ್ಛೇದ ಅಸ್ಪೃಶ್ಯತೆಯನ್ನೇ ರದ್ದುಮಾಡಿತು. ಹೈಕೋರ್ಟು ಮುಚ್ಚಿದ್ದ ಬಾಗಿಲು 1950ರಲ್ಲಿ ಹೀಗೆ ತೆರೆಯಿತು. ರೂಢಿ ಎಷ್ಟೇ ಹಳೆಯದಾಗಿರಲಿ, ಇನ್ನು ಅದನ್ನು ಸಾಕ್ಷಿ ಕಟ್ಟೆಗೆ ತರುವಂತಿಲ್ಲ.

ಕೆರೆಯ ಪಕ್ಕದಲ್ಲಿ ಹೋಟೇಲು ಬಂದದ್ದು ಆಕಸ್ಮಿಕವಲ್ಲ. ಒಬ್ಬ ಮನುಷ್ಯನನ್ನು ಹೊರಗಿಡುವ ಕೆಲಸ ಜಗತ್ತಿನಲ್ಲೆಲ್ಲ ನೀರು ಮತ್ತು ಊಟದ ಬಳಿಯೇ ಶುರುವಾಗುತ್ತದೆ. ಇದಕ್ಕೆ ಸಮುದ್ರದಾಚೆಯ ಒಂದು ಉದಾಹರಣೆ ಕೊಡುತ್ತೇನೆ. ಅಮೇರಿಕದ ಟೆಕ್ಸಾಸ್ ರಾಜ್ಯದಲ್ಲಿ ಮೆಕ್ಸಿಕೋ ಮೂಲದ ಲಕ್ಷಾಂತರ ಕೂಲಿಗಳಿದ್ದರು. ಹತ್ತಿ ಬಿಡಿಸುವವರು, ತೋಟದ ಆಳುಗಳು. 1951ರಲ್ಲಿ ಜಾಕ್ಸನ್ ಎಂಬ ಜಿಲ್ಲೆಯಲ್ಲಿ ಹರ್ನಾಂಡೆಜ್ ಎಂಬ ಕೂಲಿಯೊಬ್ಬನ ಮೇಲೆ ಕೊಲೆಯ ಆರೋಪ ಬಂತು. ಅಲ್ಲಿ ತೀರ್ಪು ಹೇಳುವುದು ಊರಿನ ಹನ್ನೆರಡು ಮಂದಿ ಪಂಚರು. ಆ ಪಂಚರಲ್ಲಿ ಹಿಂದಿನ 25 ವರ್ಷಗಳಲ್ಲಿ ಮೆಕ್ಸಿಕನ್ ಹೆಸರಿನವನು ಒಬ್ಬನೂ ಕೂತಿದ್ದ ದಾಖಲೆಯಿರಲಿಲ್ಲ. ಆ ಊರಿನ ಒಂದು ಹೋಟೇಲಿನಲ್ಲಿ ಮೆಕ್ಸಿಕನ್ನರಿಗೆ ಬಡಿಸುವುದಿಲ್ಲವೆಂಬ ಬೋರ್ಡು. ನ್ಯಾಯ ಕೊಡುವ ಕೋರ್ಟಿನ ಕಟ್ಟಡದಲ್ಲೇ ಗಂಡಸರಿಗೆ ಎರಡು ಶೌಚಾಲಯ. ಒಂದರ ಮೇಲೆ ಕರಿಯರಿಗೆ ಎಂದು ಇಂಗ್ಲಿಷಿನಲ್ಲೂ, ಕೆಳಗೆ ಸ್ಪ್ಯಾನಿಷಿನಲ್ಲಿ ಗಂಡಸರು ಇಲ್ಲಿ ಎಂದೂ ಬರೆದಿತ್ತು. ಸ್ಪ್ಯಾನಿಷ್ ಓದಬಲ್ಲವನು ತನ್ನ ಜಾಗವನ್ನು ತಾನೇ ತಿಳಿದುಕೊಳ್ಳಲಿ ಎಂದು!

ಗಸ್ ಗಾರ್ಸಿಯಾ, ಕಾರ್ಲೋಸ್ ಕಡೇನಾ ಎಂಬ ಇಬ್ಬರು ಮೆಕ್ಸಿಕನ್ ಮೂಲದ ವಕೀಲರು ಈ ಮೊಕದ್ದಮೆಯನ್ನು ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟಿಗೆ ಒಯ್ದರು. ಕಾಯ್ದೆಯ ಕಣ್ಣಿನಲ್ಲಿ ಮೆಕ್ಸಿಕನ್ನರು ಬಿಳಿಯರೇ, ಆದ್ದರಿಂದ ಬಿಳಿಯ ಪಂಚರಿಂದ ಅವರಿಗೆ ಅನ್ಯಾಯವಾಗುವ ಪ್ರಶ್ನೆಯೇ ಇಲ್ಲವೆಂಬುದು ಟೆಕ್ಸಾಸ್ ಸರ್ಕಾರದ ಜಾಣ ವಾದ. ಊಟಕ್ಕೆ, ಶೌಚಕ್ಕೆ, ಶಾಲೆಗೆ ಬೇರೆಯವರು, ಪಂಚಾಯ್ತಿಗೆ ಮಾತ್ರ ನಮ್ಮವರು! ವಕೀಲರು ಆ ಹೋಟೇಲಿನ ಬೋರ್ಡನ್ನೂ ಶೌಚಾಲಯದ ಬೋರ್ಡನ್ನೂ ಸಾಕ್ಷ್ಯವಾಗಿ ಮುಂದಿಟ್ಟರು. 1954ರ ಮೇ 3ರಂದು ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರನ್ ಅವರ ಪೀಠ ಒಮ್ಮತದಿಂದ ಇವರ ಪಕ್ಷವನ್ನು ಎತ್ತಿಹಿಡಿಯಿತು. ಹರ್ನಾಂಡೆಜ್ ಪಾರಾಗಲಿಲ್ಲ, ಮರುವಿಚಾರಣೆಯಲ್ಲಿ ಮತ್ತೆ ಅಪರಾಧಿಯೆನಿಸಿದ. ವಕೀಲರು ಗೆದ್ದದ್ದು ಒಬ್ಬನ ಬಿಡುಗಡೆಯನ್ನಲ್ಲ, ಒಂದು ಜನಾಂಗಕ್ಕೆ ಪಂಚರ ಕುರ್ಚಿಯನ್ನು. ಗಾರ್ಸಿಯಾ ಮುಂದೆ ಕುಡಿತಕ್ಕೆ ಬಿದ್ದು, 1964ರಲ್ಲಿ ಸಾನ್ ಆಂಟೋನಿಯೋ ಊರಿನ ಪೇಟೆಯ ಬೆಂಚಿನ ಮೇಲೆ ಅನಾಥನಂತೆ ಸತ್ತರು. ಅವರ ಜನ ಅವರನ್ನು ನೆನೆದು ಗೌರವಿಸತೊಡಗಿದ್ದು ಬಹಳ ತಡವಾಗಿ.

ದೂರದ ಟೆಕ್ಸಾಸಿನ ಬೋರ್ಡನ್ನು ನೋಡಿ ನಗುವುದು ಸುಲಭ. ನನ್ನ ಬಾಲ್ಯದಲ್ಲಿ ನಮ್ಮೂರಿನ ಹೋಟೇಲಿನಲ್ಲಿ ಬೋರ್ಡು ಇರಲಿಲ್ಲ. ಅದರ ಅವಶ್ಯಕತೆಯೂ ಇರಲಿಲ್ಲ. ಹಿಂಬದಿಯ ಮಾಡಿಗೆ ಸಿಕ್ಕಿಸಿದ ತೆಂಗಿನ ಗರಟೆಗಳಿದ್ದವು. ಕೆಲವರು ಅಂಗಳದಲ್ಲೇ ನಿಂತು ತಮ್ಮ ಗರಟೆಯನ್ನು ತಾವೇ ತೆಗೆದು ಒಡ್ಡುತ್ತಿದ್ದರು, ಚಹಾ ಮೇಲಿನಿಂದ ಬೀಳುತ್ತಿತ್ತು. ಹಾಗೆ ಎರೆದ ಮಾಣಿಗಳಲ್ಲಿ ನಾನೂ ಒಬ್ಬ. ಎಂಟು ವರ್ಷದ ಹುಡುಗನಿಗೆ ಅದು ತಪ್ಪೆಂದು ಯಾರೂ ಹೇಳಿರಲಿಲ್ಲ. ಸಾರ್ವಜನಿಕ ಹೋಟೇಲಿನ ಪಾತ್ರೆಗಳನ್ನು ಬಳಸಲು ಅಸ್ಪೃಶ್ಯತೆಯ ಕಾರಣದಿಂದ ಅಡ್ಡಿಮಾಡುವುದು ಅಪರಾಧವೆಂದು 1955ರ ಕಾಯ್ದೆ ಸ್ಪಷ್ಟವಾಗಿ ಬರೆದಿತ್ತೆಂಬುದು ನನಗೆ ತಿಳಿದದ್ದು ಮುಂಬಯಿಗೆ ಬಂದು, ರಾತ್ರಿ ಶಾಲೆಯ ಬೆಂಚಿನ ಮೇಲೆ ಕುಳಿತ ಮೇಲೆ. ಆ ಕಾಯ್ದೆಗೆ 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯೆಂದು ಹೊಸ ಹೆಸರು ಬಂತು.

ಹೆಸರು ಬಂದ ಮೇಲೂ ನೀರಿನ ಜಗಳ ಮುಗಿಯಲಿಲ್ಲ. ನಮ್ಮ ಕರ್ನಾಟಕದ್ದೇ ಒಂದು ಹಳ್ಳಿಯಲ್ಲಿ ಹೊಸದಾಗಿ ತೋಡಿದ ಬೋರ್‌ವೆಲ್ಲಿನಿಂದ ನೀರು ಒಯ್ಯದಂತೆ ದಲಿತರನ್ನು ಬೆದರಿಸಿ ತಡೆದರು. ಕೆಳಗಿನ ಕೋರ್ಟು ಶಿಕ್ಷೆ ಕೊಟ್ಟಿತು, ಹೈಕೋರ್ಟು ಬಿಟ್ಟಿತು. 1992ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೈಕೋರ್ಟಿನ ತೀರ್ಪನ್ನು ತಳ್ಳಿಹಾಕಿ, ಅದು ಅಪರಾಧವೇ ಹೌದೆಂದು ಹೇಳಿತು. ಮಹಾಡದ ತೀರ್ಪಿಗೂ ಇದಕ್ಕೂ ನಡುವೆ 55 ವರ್ಷ. ಆದರೆ ಒಂದು ವ್ಯತ್ಯಾಸವುಂಟು. ಈ ಸಲ ರೂಢಿ ಅನಾದಿಯೋ ಅಲ್ಲವೋ ಎಂದು ಕೇಳುವ ಧೈರ್ಯ ಯಾವ ವಕೀಲನಿಗೂ ಬರುವಂತಿರಲಿಲ್ಲ. ಆ ಪ್ರಶ್ನೆಯ ಬಾಯಿಯನ್ನು ಚವದಾರ ಕೆರೆಯ ಪ್ರತಿವಾದಿ ಮುಚ್ಚಿಸಿ ಹೋಗಿದ್ದರು.

ಇನ್ನು ನಮ್ಮ ಮನೆಯ ವಿಷಯ. ಗ್ರ್ಯಾಚುಯಿಟಿಗಾಗಿ, ಬಾಕಿ ಪಗಾರಕ್ಕಾಗಿ ಲೇಬರ್ ಕೋರ್ಟಿಗೆ ಹೋದ ನಮ್ಮ ಬಾಂಧವರು ಎರಡು ತಾರೀಖು ತಪ್ಪಿದೊಡನೆ ‘ಕೋರ್ಟಿನಲ್ಲಿ ಬಡವನಿಗೇನುಂಟು’ ಎಂದು ಫೈಲನ್ನು ಟ್ರಂಕಿನ ತಳಕ್ಕೆ ಹಾಕಿಬಿಡುತ್ತಾರೆ. ಅವರನ್ನು ನಾನು ದೂರುವುದಿಲ್ಲ. ಒಂದು ತಾರೀಖಿಗೆ ಒಂದು ದಿನದ ಕೂಲಿ ಹೋಗುತ್ತದೆಂಬುದು ನನಗೂ ಗೊತ್ತು. ಆದರೆ ಎದುರಾಳಿ ನಂಬಿ ಕುಳಿತಿರುವುದು ನಮ್ಮ ಈ ಬೇಸರವನ್ನೇ. ಮಹಾಡದ ವಾದಿಗಳೂ ಅದನ್ನೇ ನಂಬಿದ್ದರು. ಮಹಾಡಕ್ಕೆ, ಠಾಣೆಗೆ, ಮುಂಬಯಿಗೆ ಒಂಬತ್ತು ವರ್ಷ ಎಳೆದಾಡಿದರೆ ಚಾಳಿನಲ್ಲಿರುವ ಈ ಬ್ಯಾರಿಸ್ಟರ್ ಎಲ್ಲಿಯಾದರೂ ಕೈಬಿಟ್ಟಾನೆಂದು ಅವರು ಎಣಿಸಿರಬೇಕು. ಅದೇ ಒಂಬತ್ತು ವರ್ಷಗಳಲ್ಲಿ ಅವರು ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೆ ಹೋಗಿಬಂದರು, ಸರ್ಕಾರಿ ಲಾ ಕಾಲೇಜಿನ ಪ್ರಿನ್ಸಿಪಾಲರಾದರು, ಸ್ವತಂತ್ರ ಕಾರ್ಮಿಕ ಪಕ್ಷ ಕಟ್ಟಿದರು. ಕೆರೆಯ ಫೈಲನ್ನು ಮಾತ್ರ ಕೆಳಗಿಡಲಿಲ್ಲ. ಮರುವರ್ಷ, 1938ರ ನವೆಂಬರ್ 7ರಂದು, ಮುಷ್ಕರದ ಹಕ್ಕನ್ನು ಕತ್ತರಿಸುವ ಕೈಗಾರಿಕಾ ವಿವಾದ ಮಸೂದೆಯ ವಿರುದ್ಧ ಮುಂಬಯಿಯ ಕಾರ್ಮಿಕರು ಒಂದು ದಿನದ ಮುಷ್ಕರ ಹೂಡಿದಾಗ, ಹಿಂದೆ ತಮ್ಮನ್ನು ಬೈದವರ ಜೊತೆಗೇ ನಿಂತು ಅದನ್ನು ನಡೆಸಿದರು. ಆ ದಿನ ಅವರು ಯಾರ ಪರವಾಗಿ ನಿಂತಿದ್ದರು, ‘ಅವರ’ ಪರವಾಗಿಯೋ ನಮ್ಮ ಪರವಾಗಿಯೋ, ಎಂದು ಪ್ಲಾಟ್‌ಫಾರ್ಮಿನ ಆ ಗೆಳೆಯರನ್ನು ಕೇಳಬೇಕೆನಿಸುತ್ತದೆ.

ಸಂಘದ ಕಾರ್ಯಕಾರಿ ಸಮಿತಿಯ ಮುಂದೆ ಎರಡು ಸೂಚನೆಗಳನ್ನಿಡುತ್ತೇನೆ. ಏಪ್ರಿಲ್ 14ರ ಹಾರ, ಭಾಷಣಗಳು ನಡೆಯಲಿ. ಅದರ ಜೊತೆಗೆ ಮಾರ್ಚ್ 17ರ ಸಂಜೆ, ಹೋಟೇಲಿನವರಿಗೂ ಬಿಡುವಾಗುವಂತೆ ರಾತ್ರಿ ಹತ್ತರ ಮೇಲೆ, ಮಹಾಡ ದಾವೆಯ ಹೈಕೋರ್ಟು ತೀರ್ಪನ್ನು ಕನ್ನಡದಲ್ಲಿ ಓದಿ ಹೇಳುವ ಒಂದು ಬೈಠಕ್ಕು ಅಂಬರನಾಥದಲ್ಲಿ ನಡೆಯಲಿ. ತೀರ್ಪು ಬಹಳ ಉದ್ದವಿಲ್ಲ, ಒಂದು ಕೂಟದಲ್ಲಿ ಮುಗಿಯುತ್ತದೆ. ಅದನ್ನು ಕನ್ನಡಕ್ಕೆ ತರುವ ಕೆಲಸವನ್ನು ನಮ್ಮಲ್ಲಿ ಕಾಯ್ದೆ ಓದಿದ ತರುಣರು ವಹಿಸಿಕೊಳ್ಳಲಿ. ಎರಡನೆಯದಾಗಿ, ದುಡಿಯುತ್ತಲೇ ಕಾಯ್ದೆ ಓದುವ ಹುಡುಗರ, ಹುಡುಗಿಯರ ಪುಸ್ತಕ ಹಾಗೂ ಪರೀಕ್ಷಾ ಶುಲ್ಕಕ್ಕಾಗಿ ಒಂದು ನಿಧಿ ಶುರುವಾಗಲಿ. ನವಲ್ ಭಥೇನಾ ಕೊಟ್ಟ ಸಾಲದಷ್ಟೇ, ಐನೂರು ರೂಪಾಯಿ, ಈ ಲೇಖನದ ಜೊತೆಗೆ ಕಳಿಸುತ್ತಿದ್ದೇನೆ. ಈಗಿನ ಕಾಲಕ್ಕೆ ಅದು ಎರಡು ಪುಸ್ತಕಕ್ಕೂ ಸಾಲದು. ಉಳಿದದ್ದನ್ನು ಯಾರು ಕೂಡಿಸುತ್ತಾರೆಂಬುದನ್ನು ಮುಂದಿನ ಸಂಚಿಕೆಯಲ್ಲಿ ಹೆಸರು ಸಹಿತ ಅಚ್ಚುಹಾಕಬೇಕಾಗಿ ಸಂಪಾದಕರಲ್ಲಿ ವಿನಂತಿ.